ಗಂಟೆ ಮಗನದು, ಬಾಗಿಲು ಅಪ್ಪನದು

ಆ ಮನೆಯಿಂದ ದಿನಾ ಬೆಳಿಗ್ಗೆ ಸಂಸತ್ತಿಗೆ ಹೋಗುವವರು ನಾಲ್ಕು ಜನ. ಅವರಲ್ಲಿ ಒಬ್ಬರಿಗೂ ಯಾರೂ ಓಟು ಹಾಕಿಲ್ಲ, ಪೇಪರಿನಲ್ಲಿ ಫೋಟೋ ಬಂದದ್ದಂತೂ ಇಲ್ಲವೇ ಇಲ್ಲ. ಆದರೆ ಈ ನಾಲ್ವರೂ ಒಂದು ದಿನ ಜ್ವರ ಅಂತ ಮಲಗಿಬಿಟ್ಟರೆ ಅಲ್ಲಿ ಗಂಟೆ ಹೊಡೆಯೋದಿಲ್ಲ, ಬಾಗಿಲು ಹಾಕೋದಿಲ್ಲ, ಟೀ ಕುದಿಯೋದಿಲ್ಲ, ಯಾರು ಯಾರನ್ನ ಏನಂತ ಬೈದರು ಅನ್ನೋದು ಮಾರನೆಯ ದಿನಕ್ಕೆ ಒಬ್ಬರಿಗೂ ನೆನಪಿರೋದಿಲ್ಲ.

ಬರೆದಿಡುವವಳು ಸೊಸೆ. ಸಭಾಧ್ಯಕ್ಷರ ಪೀಠದ ಕೆಳಗೆ ಒಂದು ಸಣ್ಣ ಮೇಜಿದೆ. ಅಲ್ಲಿ ಕೂತು, ಆಡಿದ ಮಾತನ್ನು ಆಡಿದ ಹಾಗೇ ಶೀಘ್ರಲಿಪಿಯಲ್ಲಿ ಹಿಡಿಯೋದು ಅವಳ ಕೆಲಸ. ಮೇಲೆ ಇಬ್ಬರು ಸದಸ್ಯರು ಕೋಟು ಎಳೆದಾಡಿಕೊಂಡರೂ ಅವಳು ತಲೆ ಎತ್ತುವ ಹಾಗಿಲ್ಲ. ಅತ್ತೆ ಕ್ಯಾಂಟೀನಿನ ದೊಡ್ಡ ಒಲೆಯ ಮುಂದೆ. ಆಡಳಿತದವರು, ವಿರೋಧದವರು ಅಂತಿಲ್ಲ, ಎಲ್ಲರಿಗೂ ಒಂದೇ ಕೆಟಲಿನ ಟೀ. ಸೊಸೆಯ ಗಂಡ, ಅಂದರೆ ಈ ಮನೆಯ ಮಗ, ಅಲ್ಲಿನ ಮೈಕು, ದೀಪ, ಗಂಟೆ ನೋಡಿಕೊಳ್ಳುವ ಮೆಕ್ಯಾನಿಕ್ಕು. ಇನ್ನು ಮಾವ. ಮಾವ ಸಭಾಂಗಣದ ಬಾಗಿಲು ಕಾಯುವವರು. ಅಲ್ಲಿ ಅವರನ್ನು ಹೆಸರಿಟ್ಟು ಕರೆಯುವವರೇ ಇಲ್ಲ, ಎಲ್ಲರ ಬಾಯಲ್ಲೂ ಅವರು ಚಿಲಕಪ್ಪ.

ಹೆಸರು ಸುಮ್ಮನೆ ಬಂದದ್ದಲ್ಲ. ಯಾವುದಾದರೂ ಮಸೂದೆ ಮತಕ್ಕೆ ಬಂದಾಗ ಕಟ್ಟಡದ ತುಂಬ ಗಂಟೆ ಹೊಡೆಯುತ್ತೆ. ಊಟ ಮಾಡ್ತಿದ್ದವರು, ಫೋನಿನಲ್ಲಿದ್ದವರು, ಎಲ್ಲೋ ಮೂಲೆಯಲ್ಲಿ ತೂಕಡಿಸ್ತಿದ್ದವರು ಎಲ್ಲರೂ ಎದ್ದು ಓಡಿ ಬರಬೇಕು. ಗಂಟೆ ನಿಂತ ತಕ್ಷಣ ಬಾಗಿಲು ಮುಚ್ಚುತ್ತೆ. ಒಳಗಿದ್ದವರು ಒಳಗೆ, ಹೊರಗಿದ್ದವರು ಹೊರಗೆ. ಮಂತ್ರಿಯಾದರೂ ಅಷ್ಟೇ, ಮಂತ್ರಿಯ ಅಪ್ಪನಾದರೂ ಅಷ್ಟೇ. ಒಂದು ಸಲ ಒಬ್ಬ ಮಂತ್ರಿಯ ಕೋಟಿನ ತುದಿ ಮಾತ್ರ ಒಳಗೆ ಸಿಕ್ಕಿಕೊಂಡು, ಮನುಷ್ಯ ಹೊರಗೇ ಉಳಿದನಂತೆ. ಮತದಾನ ಮುಗಿಯುವ ತನಕ ಕೋಟು ಬಿಚ್ಚಿಟ್ಟು ನಿಂತಿದ್ದನಂತೆ. "ಕೋಟಿಗೆ ಓಟಿಲ್ಲ ಸ್ವಾಮಿ" ಅಂದಿದ್ದರಂತೆ ಮಾವ.

ಇಂಥ ಮನೆಯಲ್ಲಿ ಜಗಳ ಹುಟ್ಟಿದ್ದು ಒಂದು ಗಂಟೆಯಿಂದ.

ಅಧಿವೇಶನ ಇಲ್ಲದ ತಿಂಗಳುಗಳಲ್ಲಿ ಮಗ ಹಳೆಯ ಗಂಟೆಗಳನ್ನೆಲ್ಲ ಕಳಚಿ ಹೊಸದು ಹಾಕಿದ್ದ. ಹಳೆಯವು ಕಂಚಿನ ಬಟ್ಟಲಿನಂಥವು, ಪ್ರತಿ ಬಾಗಿಲಿನ ಚೌಕಟ್ಟಿಗೂ ಸ್ಕ್ರೂ ಹಾಕಿ ಕೂರಿಸಿದ್ದವು. ಹೊಸದರಲ್ಲಿ ಗಂಟೆಯೇ ಇಲ್ಲ. ಪ್ರತಿ ಕಾರಿಡಾರಿನ ಸೂರಿಗೂ ಒಂದು ಸಣ್ಣ ಸ್ಪೀಕರು, ಅದರಿಂದ ತೆಳ್ಳಗೆ, ಎತ್ತರವಾಗಿ ಒಂದು ಸದ್ದು. ಯೋಜನೆ ಅವನದೇ. ಮೇಲಿನವರನ್ನು ಒಪ್ಪಿಸಿದ್ದೂ ಅವನೇ. ಆ ಖುಷಿಗೆ ಮನೆಗೆ ಒಂದು ಡಬ್ಬಿ ಕೇಕು ತಂದಿದ್ದ. ಮಾವ ಕೇಕು ತಿಂದರು, ಗಂಟೆಯನ್ನು ಮಾತ್ರ ಹೊಗಳಲಿಲ್ಲ.

"ಅದೇನು ಗಂಟೆನೋ ಮಾರಾಯ, ಸೊಳ್ಳೆ ಹಾರಿದ ಹಾಗೆ. ಹಳೇದು ಹೊಡೆದರೆ ಮೈಯೆಲ್ಲ ಝುಂ ಅಂತಿತ್ತು."

"ಅಪ್ಪ, ಹಳೇದಕ್ಕೆ ತುಕ್ಕು ಹಿಡಿದಿತ್ತು. ಎರಡು ಕಾರಿಡಾರಿನಲ್ಲಿ ಹೊಡೀತಾನೇ ಇರಲಿಲ್ಲ."

"ನನ್ನ ಬಾಗಿಲಲ್ಲಿ ಹೊಡೀತಿತ್ತಲ್ಲ."

"ನಿಮ್ಮ ಬಾಗಿಲೊಂದೇ ಇರೋದಾ ಅಲ್ಲಿ?"

"ನನಗೆ ಇರೋದು ಅದೊಂದೇ" ಅಂದು ಮಾವ ಕೈ ತೊಳೆಯಲು ಎದ್ದರು. ದಿನಾ ಬೆಳಿಗ್ಗೆ ಇದೇ ಕಥೆ. ಬ್ರೆಡ್ಡಿಗೆ ಬೆಣ್ಣೆ ಹಚ್ಚುವಷ್ಟರಲ್ಲಿ ಶುರುವಾಗಿ, ಬೂಟಿನ ಲೇಸು ಕಟ್ಟುವಾಗ ಮುಗಿಯುತ್ತಿತ್ತು. ಸೊಸೆಗೆ ನಗು ಬರುತ್ತಿತ್ತು. ಇಬ್ಬರದೂ ಒಂದೇ ಮೊಂಡು ಮೂಗು, ಒಂದೇ ಮೊಂಡು ಮಾತು.

ಅಧಿವೇಶನ ಶುರುವಾದ ಮೇಲೆ ನಗು ನಿಂತಿತು.

ಆವತ್ತು ಮತಕ್ಕೆ ಬಂದದ್ದು ಗಣಿಯಲ್ಲಿ ಸತ್ತವರ ಹೆಂಡಂದಿರಿಗೆ ಪಿಂಚಣಿ ಕೊಡುವ ಮಸೂದೆ. ಗಂಟೆ ಹೊಡೆಯಿತು. ಸದಸ್ಯರು ನುಗ್ಗಿದರು. ಒಳಗೆ ಸಂತೆಯಂಥ ಗದ್ದಲ, ಹೊರಗಿನ ಸದ್ದು ಹೊಡೀತಿದೆಯೋ ನಿಂತಿದೆಯೋ ಯಾರಿಗೆ ಗೊತ್ತಾಗಬೇಕು? ಬಾಗಿಲು ಮುಚ್ಚಿತು, ಎಣಿಕೆ ಆಯಿತು, ಮಸೂದೆ ಒಂದೇ ಒಂದು ಓಟಿನಿಂದ ಬಿದ್ದುಹೋಯಿತು.

ಬಾಗಿಲು ತೆರೆದ ಕೂಡಲೇ ಒಬ್ಬ ವಯಸ್ಸಾದ ಸದಸ್ಯೆ ಊರುಗೋಲು ಊರಿಕೊಂಡು ಒಳಗೆ ಬಂದರು. ಗಣಿ ಊರಿನಿಂದ ಗೆದ್ದು ಬಂದವರು, ಮಸೂದೆ ಪರ ಊರೂರು ಸುತ್ತಿದವರು. ಕೂಗಾಡಲಿಲ್ಲ. ನಿಂತು, ಉಸಿರು ತಗೊಂಡು ಹೇಳಿದರು.

"ಅಧ್ಯಕ್ಷರೇ, ಗಂಟೆ ಇನ್ನೂ ಹೊಡೀತಾ ಇತ್ತು. ನಾನು ಬಾಗಿಲ ಹತ್ತಿರ ಬಂದಿದ್ದೆ. ನನ್ನ ಮುಖದ ಮೇಲೇ ಬಾಗಿಲು ಹಾಕಿದರು."

ಆ ಬಾಗಿಲು ಯಾರದು ಅಂತ ಸೊಸೆಗೆ ಗೊತ್ತು. ಆದರೂ ಪೆನ್ಸಿಲು ನಿಲ್ಲಲಿಲ್ಲ. ನಿಲ್ಲಿಸುವ ಹಾಗೂ ಇರಲಿಲ್ಲ. 'ನನ್ನ ಮುಖದ ಮೇಲೇ' ಅಂತ ಮಾವನ ಮೇಲಿನ ದೂರನ್ನು ಅವಳೇ ಬರೆದುಕೊಂಡಳು.

ಸಭಾಧ್ಯಕ್ಷರು ಅಂದರು, "ಆ ಕಾರಿಡಾರಿನಲ್ಲಿ ಮಾತ್ರ ಗಂಟೆ ಹೆಚ್ಚು ಹೊತ್ತು ಹೊಡೆಯಿತೋ, ಬಾಗಿಲೇ ಬೇಗ ಮುಚ್ಚಿತೋ, ಕಾರ್ಯದರ್ಶಿಯವರು ವಿಚಾರಣೆ ಮಾಡಲಿ. ತಪ್ಪು ಗಂಟೆಯದೋ ಬಾಗಿಲಿನದೋ ಗೊತ್ತಾಗಬೇಕು."

ಗಂಟೆಯದು ಅಂದರೆ ಮಗನ ಕೆಲಸ ಹೋಗುತ್ತೆ. ಹೊಸ ಗಂಟೆ ಬೇಕು ಅಂತ ಹಟ ಹಿಡಿದವನು ಅವನೇ ಅಲ್ಲವೇ. ಬಾಗಿಲಿನದು ಅಂದರೆ, ಈ ಅಧಿವೇಶನ ಮುಗಿಯುತ್ತಲೇ ನಿವೃತ್ತಿಯಾಗಬೇಕಿದ್ದ ಮಾವ ಒಂದು ಮಸೂದೆ ಬೀಳಿಸಿದ ಮನುಷ್ಯ ಅನ್ನಿಸಿಕೊಂಡು ಮನೆಗೆ ಬರಬೇಕು. ಇಡೀ ಆಯುಷ್ಯ ಆ ಬಾಗಿಲ ಹತ್ತಿರ ನಿಂತ ಮನುಷ್ಯ.

ಸಂಜೆ ಊಟಕ್ಕೆ ಕೂತಾಗ ಮಗ ಕೇಳಿಯೇಬಿಟ್ಟ. "ಅಪ್ಪ, ನೀವು ಬೇಗ ಹಾಕಿದ್ರಾ?"

"ನಿನ್ನ ಗಂಟೆನ ಕೇಳು."

"ಗಂಟೆನ ನೋಡಿಯೇ ಬಂದೆ. ಇಡೀ ಮಧ್ಯಾಹ್ನ ಎಲ್ಲ ಕಾರಿಡಾರೂ ಹೊಡೆಸಿ ನೋಡಿದೆ. ಒಂದೇ ಸಲ ಶುರುವಾಗುತ್ತೆ, ಒಂದೇ ಸಲ ನಿಲ್ಲುತ್ತೆ."

"ಇವತ್ತು ಮಧ್ಯಾಹ್ನ ಸರಿ ಇದ್ದರೆ, ಬೆಳಿಗ್ಗೆನೂ ಸರಿ ಇತ್ತು ಅಂತಲಾ?"

"ಮತ್ತೇನು ನಾನು ಸುಳ್ಳು ಹೇಳ್ತಿದೀನಾ?"

"ನಾನು ಹೇಳ್ತಿದೀನಾ?"

ಅತ್ತೆ ಸೂಪಿನ ಪಾತ್ರೆಯನ್ನು ಇಬ್ಬರ ಮಧ್ಯೆ ಠಣ್ಣೆಂದು ಕುಕ್ಕಿದರು. "ಗಂಟೆಯವನೂ ನನ್ನವನೇ, ಬಾಗಿಲವರೂ ನನ್ನವರೇ. ನಾನು ಯಾರ ಕಡೆ ಕೈ ಎತ್ತಲಿ ಹೇಳಿ? ಅಲ್ಲಿ ಊರಿನ ಜಗಳ ಕೇಳಿ ಕೇಳಿ ಸಾಕಾಗಿ ಮನೆಗೆ ಬಂದರೆ, ಇಲ್ಲೂ ಅಧಿವೇಶನ."

ಪುಟ್ಟಿ, ಅಂದರೆ ಮನೆಯ ಸಣ್ಣ ಹುಡುಗಿ, ಚಮಚ ಎತ್ತಿ "ಶಾಂತಿ, ಶಾಂತಿ, ಕೂತ್ಕೊಳ್ಳಿ" ಅಂದಳು, ಥೇಟ್ ಸಭಾಧ್ಯಕ್ಷರ ಹಾಗೆ. ಯಾರೂ ನಗಲಿಲ್ಲ.

ಆಮೇಲಿನ ದಿನಗಳಲ್ಲಿ ಅಪ್ಪ ಮಗನಿಗೆ ಮಾತು ನಿಂತಿತು. "ನಿನ್ನ ಗಂಡನಿಗೆ ಹೇಳು, ನಲ್ಲಿ ಸೋರ್ತಿದೆ." "ನಿಮ್ಮ ಮಾವನಿಗೆ ಹೇಳು, ವಾಷರು ತಂದಿದೀನಿ." ಒಂದೇ ಮೇಜಿನ ಮೇಲೆ ಉಪ್ಪಿನ ಡಬ್ಬಿ ಸೊಸೆಯ ಕೈ ದಾಟಿ ಹೋಗಬೇಕಾಯಿತು. ಬೆಳಿಗ್ಗೆ ಒಂದೇ ಬಸ್ಸಿಗೆ ಹೋಗುತ್ತಿದ್ದವರು ಈಗ ಹಿಂದೆ ಮುಂದೆ ಹೋದರು. ಅತ್ತೆ ಕ್ಯಾಂಟೀನಿನಲ್ಲಿ ಹಾಲು ಉಕ್ಕಿಸಿದರು. ಅವರ ಒಲೆಯ ಮೇಲೆ ಹಾಲು ಉಕ್ಕಿದ್ದನ್ನು ಅಲ್ಲಿ ಯಾರೂ ಕಂಡೇ ಇರಲಿಲ್ಲ.

ಸೊಸೆ ಬೇಗ ಹೊರಟು ಸಭಾಂಗಣದಲ್ಲಿ ಒಬ್ಬಳೇ ಕೂರತೊಡಗಿದಳು. ಒಬ್ಬಳೇ ಅಂದರೆ ಸದಸ್ಯರಿಲ್ಲದ ಹೊತ್ತು, ಅಷ್ಟೇ. ಜಮಖಾನೆಯ ಮೇಲೆ ಮಂಡಿಯೂರಿ ನಿನ್ನೆಯ ಶಾಯಿ ಕಲೆ ಉಜ್ಜುವವಳು. ಏಣಿ ಹತ್ತಿ ಗಡಿಯಾರಕ್ಕೆ ಕೀ ಕೊಡುವ ಮುದುಕ. ಪ್ರತಿ ಮೇಜಿಗೂ ಆವತ್ತಿನ ಕಾಗದ ಹಾಕಿಕೊಂಡು ಹೋಗುವ ಹೆಂಗಸು; ಯಾರು ಎಡಗೈಯವರು ಅಂತ ಅವಳಿಗೆ ಗೊತ್ತು, ಅವರ ಕಾಗದ ಎಡಕ್ಕೇ ಇಡುತ್ತಾಳೆ. ನೀರಿನ ಲೋಟಗಳನ್ನು ಬೆಳಕಿಗೆ ಹಿಡಿದು ನೋಡುವವನು. ಇಷ್ಟೂ ಜನ ಸೇರಿ ಆ ಸಭೆಯನ್ನು ದಿನಾ ಹೊಸದಾಗಿ ಕಟ್ಟುತ್ತಾರೆ, ಹತ್ತು ಗಂಟೆಗೆ ದೊಡ್ಡವರು ಬಂದು ಕೂರುತ್ತಾರೆ. ಈ ಕೆಲಸದವರ ಮಧ್ಯೆ ಮಾವ ಬಂದು ತಮ್ಮ ಬಾಗಿಲಿನ ಹಿತ್ತಾಳೆ ಹಿಡಿ ಒರೆಸುತ್ತಿದ್ದರು. ಅದನ್ನು ನೋಡಿದಾಗೆಲ್ಲ ಅವಳಿಗೆ ಹೆಮ್ಮೆ ಅನ್ನಿಸುತ್ತಿತ್ತು. ಈಗ ಸಂಕಟ.

ಒಂದು ಭಾನುವಾರ ಬಟ್ಟೆ ಒಣಗಿಸುತ್ತಿದ್ದಾಗ ಪುಟ್ಟಿ ಬಾಯಿ ಮುಚ್ಚಿಕೊಂಡು ನಗುತ್ತಾ ಓಡಿ ಬಂದಳು.

"ಅಮ್ಮ, ತಾತನ ಹಿಂದೆ ನಿಂತು ಕತ್ತೆ ಅಂದೆ. ಬೈಯಲೇ ಇಲ್ಲ."

"ಏಯ್, ತಾತನಿಗೆ ಹಾಗೆಲ್ಲ ಅಂತಾರೇನೇ?"

"ದಿನಾ ಅಂತೀನಿ. ಮುಂದೆ ನಿಂತು ಅಂದರೆ ಮಾತ್ರ ಬೈತಾರೆ."

ಸೊಸೆಯ ಕೈಯಲ್ಲಿದ್ದ ಅಂಗಿ ಹಾಗೇ ನಿಂತಿತು. ಒಂದೊಂದಾಗಿ ನೆನಪಾಯಿತು. ಕುಕ್ಕರು ಕೂಗಿ ಕೂಗಿ ಸುಮ್ಮನಾದರೂ ಪಕ್ಕದಲ್ಲೇ ಕೂತು ಪೇಪರು ಓದುತ್ತಿದ್ದ ಮಾವ. ಫೋನು ಬಂದರೆ "ನೀನೇ ಮಾತಾಡಮ್ಮ" ಅಂತ ಕೊಟ್ಟುಬಿಡುವ ಮಾವ. ಎದುರಿಗಿದ್ದವರ ಬಾಯನ್ನೇ ನೋಡುವ ಮಾವ. ಮನುಷ್ಯರಿಗೆ ಎಷ್ಟು ಮರ್ಯಾದೆ ಕೊಡ್ತಾರಪ್ಪಾ ಅಂದುಕೊಂಡಿದ್ದಳು ಇಷ್ಟು ದಿನ.

ಅವರು ಅಡುಗೆಮನೆಯ ಬಾಗಿಲಿನ ಕೀಲಿಗೆ ಎಣ್ಣೆ ಬಿಡುತ್ತಿದ್ದರು. ಭಾನುವಾರ ಬಂದರೆ ಮನೆಯ ಅಷ್ಟೂ ಬಾಗಿಲಿಗೆ ಎಣ್ಣೆ ಬಿಡದಿದ್ದರೆ ಅವರಿಗೆ ಊಟ ಸೇರದು. ಸೊಸೆ ಹಿಂದೆ ನಿಂತಳು.

"ಮಾವ."

ಅವರು ತಿರುಗಲಿಲ್ಲ.

"ಮಾವ, ನಿಮಗೆ ಕೇಳಿಸ್ತಾ ಇಲ್ಲ ಅಲ್ವಾ?"

ಎಣ್ಣೆ ಬಟ್ಟಲು ಕೆಳಗಿಟ್ಟು ಬಟ್ಟೆಗೆ ಕೈ ಒರೆಸಿಕೊಂಡರು. ಅವಳು ಭುಜ ಮುಟ್ಟಿದಳು. ಅವರು ತಿರುಗಿ ಅವಳ ಮುಖ ನೋಡಿದರು, ಅಷ್ಟಕ್ಕೇ ಎಲ್ಲ ಅರ್ಥವಾಯಿತು.

"ಯಾರು ಹೇಳಿದ್ರು?"

"ಪುಟ್ಟಿ. ದಿನಾ ನಿಮ್ಮನ್ನ ಕತ್ತೆ ಅಂತಾಳಂತೆ."

"ಅವಳ ಮನೆ ಹಾಳಾಗ" ಅಂದು ನಗಲು ನೋಡಿದರು. ನಗು ಬರಲಿಲ್ಲ. ಮೆಟ್ಟಿಲ ಮೇಲೆ ಕೂತರು. ಅವಳೂ ಮುಖ ಕಾಣುವ ಹಾಗೆ ಎದುರಿಗೆ ಕೂತಳು.

"ಎಷ್ಟು ದಿನದಿಂದ ಮಾವ?"

"ದಿನ ಏನು ಬಂತು, ವರ್ಷಗಳೇ ಆಯ್ತು. ಸ್ವಲ್ಪ ಸ್ವಲ್ಪವಾಗಿ ಹೋಯ್ತಮ್ಮ."

"ಮತ್ತೆ ಗಂಟೆ?"

ಅವರು ಬಾಗಿಲಿನ ಚೌಕಟ್ಟಿನ ಮೇಲೆ ಅಂಗೈ ಇಟ್ಟರು. ಸಭಾಂಗಣದಲ್ಲಿ ಅವರು ಹಾಗೆ ನಿಲ್ಲುವುದನ್ನು ಅವಳು ಎಷ್ಟು ಸಲ ನೋಡಿಲ್ಲ! ಗತ್ತು ಅಂದುಕೊಂಡಿದ್ದರು ಎಲ್ಲರೂ.

"ಹಳೇ ಗಂಟೆ ಚೌಕಟ್ಟಿಗೇ ಇತ್ತಲ್ಲ. ಹೊಡೆದರೆ ಮರ ನಡುಗೋದು. ಕೈ ಇಟ್ಟರೆ ಸಾಕು, ಶುರುವಾಗಿದ್ದೂ ತಿಳಿಯೋದು, ನಿಂತದ್ದೂ ತಿಳಿಯೋದು. ಒಂದು ದಿನವೂ ತಪ್ಪಲಿಲ್ಲ. ಇವನು ಅದನ್ನ ಕಿತ್ತು ಸೂರಿಗೆ ಹಾಕಿಬಿಟ್ಟ. ಬೇಡ ಕಣೋ ಅನ್ನೋಕೆ ನಾನು ಏನು ಕಾರಣ ಕೊಡಲಿ? ಸೊಳ್ಳೆ, ಗುಂಗಾಡು ಅಂತ ಬಾಯಿಗೆ ಬಂದದ್ದು ಅಂದೆ. ನಾನು ಆ ಗಂಟೆನ ಕೇಳೇ ಇಲ್ಲ."

"ಮತ್ತೆ ಈಗ ಹೇಗೆ ಬಾಗಿಲು ಹಾಕ್ತಿದ್ರಿ?"

"ಎದುರು ಬಾಗಿಲಿನವನನ್ನ ನೋಡ್ತಿದ್ದೆ. ಅವನು ಹಿಡಿ ಹಿಡ್ಕೊಂಡು ಎಳೆದ ಅಂದರೆ ನಾನೂ ಎಳೀತಿದ್ದೆ. ಆವತ್ತು ಅವನ ಬಾಗಿಲು ಮುಚ್ಚದ ಹಾಗೆ ಕೊಟ್ಟಿದ್ದ ಮರದ ತುಂಡು ಸರಿದಿತ್ತು. ಅದನ್ನ ಸರಿ ಮಾಡೋಕೆ ಹಿಡಿ ಹಿಡ್ಕೊಂಡು ಬಗ್ಗಿದ. ನಾನು ಎಳೆದುಬಿಟ್ಟೆ." ಅವರು ಚೌಕಟ್ಟಿನ ಮೇಲಿಂದ ಕೈ ತೆಗೆದರು. "ಬಾಗಿಲಲ್ಲಿ ಗಾಜಿನ ಕಿಂಡಿ ಇದೆಯಲ್ಲ, ಅದರಲ್ಲಿ ಆಯಮ್ಮನ ಮುಖ ಕಾಣಿಸ್ತು. ತಡವಾಗಿ ಬಂದವರ ಮುಖ ನಾನು ಬೇಕಾದಷ್ಟು ನೋಡಿದೀನಿ. ಅದು ತಡವಾಗಿ ಬಂದವರ ಮುಖ ಅಲ್ಲ."

ಹಾಗಾದರೆ ತಪ್ಪು ಬಾಗಿಲಿನದೇ. ಗಂಡನ ಕೆಲಸ ಉಳಿಯಬೇಕಾದರೆ ಇವರು ಬಾಯಿ ಬಿಡಬೇಕು. ಬಿಡಿ ಅಂತ ಸೊಸೆ ಹೇಗೆ ಹೇಳುವುದು?

"ಮಾವ, ಇದನ್ನ ನಾನು ಯಾರಿಗೂ..."

"ನೀನು ಆಡಿದ್ದನ್ನ ಬರೆಯೋಳು. ನಾನು ಇನ್ನೂ ಆಡಿಲ್ಲ" ಅಂದರು ಮಾವ. ಮತ್ತೆ ಎಣ್ಣೆ ಬಟ್ಟಲು ಎತ್ತಿಕೊಂಡರು. ಅವಳು ಬಕೆಟ್ಟಿನ ಹತ್ತಿರ ವಾಪಸು ಹೋಗಿ ಒಣಗಿಸಿದ ಬಟ್ಟೆಯನ್ನೇ ಇನ್ನೊಂದು ಸಲ ಕೊಡವಿದಳು.

ವಿಚಾರಣೆಯ ಹಿಂದಿನ ಸಂಜೆ ಗಂಡ ಪಾತ್ರೆ ಒರೆಸುತ್ತಾ ಅವಳಿಗೆ ಮಾತ್ರ ಕೇಳುವ ಹಾಗೆ ಅಂದ, "ನಾನು ಒಪ್ಕೊಂಡುಬಿಡ್ತೀನಿ ಕಣೇ."

"ಏನನ್ನ?"

"ಆ ಕಾರಿಡಾರಿನ ಗಂಟೆ ಕೈ ಕೊಡ್ತು ಅಂತ."

"ಕೈ ಕೊಟ್ಟಿತ್ತಾ?"

"ಇಲ್ಲ. ನನ್ನ ಗಂಟೆ ನನಗೆ ಗೊತ್ತಿಲ್ವಾ? ಅಪ್ಪ ಯಾಕೋ ಬೇಗ ಹಾಕಿದಾರೆ. ಯಾಕೆ ಅಂತ ಕೇಳೋಕೆ ಧೈರ್ಯ ಇಲ್ಲ ನನಗೆ. ನನ್ನ ಕೈಯಲ್ಲಿ ಕಸುಬಿದೆ, ಎಲ್ಲೋ ಒಂದು ಅಂಗಡೀಲಿ ರೇಡಿಯೋ ರಿಪೇರಿ ಮಾಡಿಯಾದರೂ ಬದುಕ್ತೀನಿ. ಅವರಿಗೆ ಆ ಬಾಗಿಲು ಬಿಟ್ಟರೆ ಏನಿದೆ?"

"ಅವರ ಜೊತೆ ಮಾತಾಡೋದು ಬಿಟ್ಟು ಇಷ್ಟು ದಿನ ಆಯ್ತು, ಈಗ ಅವರಿಗೋಸ್ಕರ ಸುಳ್ಳು ಹೇಳ್ತೀಯಾ?"

"ಮಾತು ಬೇರೆ, ಅಪ್ಪ ಬೇರೆ" ಅಂದ ಅವನು ತಟ್ಟೆಯನ್ನು ಜೋಡಿಸಿಡುತ್ತಾ.

ಹೇಳಿಬಿಡಲೇ ಅನ್ನಿಸಿತು ಅವಳಿಗೆ. ನಾಲಿಗೆಯ ತುದಿಗೆ ಬಂದಿತ್ತು. ಆದರೆ ಅದು ಅವಳ ಮಾತಲ್ಲ. "ನಾಳೆ ಬರೆಯೋಳು ನಾನೇ" ಅಂದಳು ಅಷ್ಟೇ. ಬೇರೆ ಶೀಘ್ರಲಿಪಿ ವರದಿಗಾರರನ್ನು ಹಾಕಿ ಅಂತ ಅವಳು ಕೇಳಿದ್ದಳು. ಹಿರಿಯ ವರದಿಗಾರರು ಒಪ್ಪಿದ್ದರು ಕೂಡ. ಬೇಡ ಅಂದವರು ಮಾವ. ಬೇರೆಯವರು ಬರೆದರೆ ಪಾಪ ಮುದುಕ ಅಂತ ನನ್ನ ಮಾತು ತಿದ್ದಿಬಿಡ್ತಾರೆ, ನನ್ನ ಸೊಸೆ ತಿದ್ದೋಳಲ್ಲ, ಅಂದಿದ್ದರಂತೆ.

ಕಾರ್ಯದರ್ಶಿಯ ಕೋಣೆ ದೊಡ್ಡದೇನಲ್ಲ. ಒಂದು ಉದ್ದ ಮೇಜು, ನೀರಿನ ಹೂಜಿ, ಕಿಟಕಿಯ ಪಕ್ಕ ಊರುಗೋಲು ಒರಗಿಸಿಕೊಂಡು ಕೂತ ಸದಸ್ಯೆ. ಮೊದಲು ಮಗನನ್ನು ಕರೆದರು. ಮಾವ ಹೊರಗೆ ಬೆಂಚಿನ ಮೇಲೆ ಕೂತಿದ್ದರು.

"ಆ ಕಾರಿಡಾರಿನ ಗಂಟೆಯಲ್ಲಿ ದೋಷ ಇತ್ತು ಸರ್" ಅಂದ ಮಗ. ಹೆಂಡತಿಯ ಕಡೆ ನೋಡಲಿಲ್ಲ. "ನಿಲ್ಲಬೇಕಾದಾಗ ನಿಲ್ಲದೆ ಹೊಡೀತಾ ಹೋಗಿರಬೇಕು. ಬಾಗಿಲು ಸರಿಯಾಗೇ ಹಾಕಿದ್ದಾರೆ. ತಪ್ಪು ನಂದು."

ಅವಳು ಬರೆದಳು. ಸುಳ್ಳು ಅಂತ ಗೊತ್ತಿದ್ದ ಮಾತನ್ನು ಅವಳ ಪೆನ್ಸಿಲು ಎಷ್ಟೋ ಸಲ ಬರೆದಿದೆ, ಅದೇನು ಹೊಸದಲ್ಲ. ಇಷ್ಟು ಒಳ್ಳೆಯ ಸುಳ್ಳನ್ನು ಮಾತ್ರ ಬರೆದಿರಲಿಲ್ಲ.

ಕಾರ್ಯದರ್ಶಿ ಮಗನನ್ನು ಅಲ್ಲೇ ಕೂರಿಸಿಕೊಂಡು ಮಾವನನ್ನು ಕರೆಸಿದರು. ಅವರು ಬಂದು ಅಂಗಿಯ ಗುಂಡಿ ಸರಿಮಾಡಿಕೊಂಡು ನಿಂತರು. ಕಾರ್ಯದರ್ಶಿ ಒಳ್ಳೆಯ ಮನುಷ್ಯ, ಬೇಗ ಮುಗಿಸುವ ಉದ್ದೇಶ ಅವರದು.

"ನೀವೇನೂ ಹೆದರಬೇಡಿ. ಗಂಟೆಯಲ್ಲೇ ದೋಷ ಇತ್ತು ಅಂತ ನಿಮ್ಮ ಮಗ ಒಪ್ಪಿಕೊಂಡಿದ್ದಾರೆ. ನೀವು ಹೌದು ಅಂದರೆ ಸಾಕು."

ಮಾವ ಅವರ ತುಟಿಗಳನ್ನು ಕೊನೆಯ ಅಕ್ಷರದ ತನಕ ನೋಡಿದರು. ಆಮೇಲೆ ಮಗನ ಕಡೆ ತಿರುಗಿದರು. ಎಷ್ಟು ದಿನದ ಮೇಲೆ ಅವನ ಮುಖ ನೆಟ್ಟಗೆ ನೋಡಿದ್ದು.

"ಅವನು ಸುಳ್ಳು ಹೇಳಿದ್ದಾನೆ ಸ್ವಾಮಿ" ಅಂದರು. "ಬರ್ಕೊಳ್ಳಮ್ಮ. ಬಾಗಿಲು ಬೇಗ ಹಾಕಿದವನು ನಾನು. ನನಗೆ ಕಿವಿ ಕೇಳಿಸೋದಿಲ್ಲ. ಬಹಳ ದಿನದಿಂದ ಕೇಳಿಸೋದಿಲ್ಲ. ಯಾರಿಗೂ ಹೇಳಲಿಲ್ಲ, ಹೇಳಿದರೆ ಬಾಗಿಲಿಂದ ತೆಗೀತಾರೆ ಅಂತ ಭಯ. ಈ ತಾಯಿ ಸರಿಯಾದ ಹೊತ್ತಿಗೇ ಬಂದಿದ್ದರು. ನಾನು ಹೊರಗೆ ಹಾಕಿದೆ."

ಮಗ ಎದ್ದು ನಿಂತುಬಿಟ್ಟಿದ್ದ. "ಅಪ್ಪ..."

ಕಾರ್ಯದರ್ಶಿ ಕನ್ನಡಕ ತೆಗೆದರು. "ಹಾಗಾದರೆ ಗಂಟೆ ಸರಿಯಾಗಿತ್ತು ಅಂತೀರಾ?"

"ಗಂಟೆ ವಿಷಯ ನನಗೆ ಗೊತ್ತಿಲ್ಲ ಸ್ವಾಮಿ, ಒಂದು ದಿನವೂ ಕೇಳಿದವನಲ್ಲ. ಅದನ್ನ ಮಾಡಿದವನು ಗೊತ್ತು. ಅವನು ಕೆಟ್ಟ ಕೆಲಸ ಮಾಡೋದಿಲ್ಲ."

ಸೊಸೆಯ ಕಣ್ಣಿನಿಂದ ಒಂದು ಹನಿ ಕಾಗದದ ಮೇಲೆ ಬಿದ್ದು ಒಂದು ಗೆರೆ ಕಲಸಿಹೋಯಿತು. ಅವಳು ಅದನ್ನು ಪಕ್ಕದಲ್ಲಿ ಮತ್ತೆ ಬರೆದಳು, ಆಡಿದ ಹಾಗೇ.

ಸದಸ್ಯೆ ಊರುಗೋಲು ಕೈಗೆ ತಗೊಂಡರು. ಮಾವನಿಗೆ ಕಾಣುವ ಹಾಗೆ ಮುಖ ತಿರುಗಿಸಿ ನಿಧಾನವಾಗಿ ಹೇಳಿದರು. "ನಾನು ಈ ಕಟ್ಟಡಕ್ಕೆ ಬಂದ ಮೇಲೆ, ತಪ್ಪು ನಂದು ಅಂದವರು ಇಬ್ಬರೇ ಸಿಕ್ಕಿದ್ದು. ಇಬ್ಬರೂ ಒಂದೇ ದಿನ, ಒಂದೇ ಮನೆಯವರು. ಮತ್ತೆ ಮತದಾನ ಆಗಲಿ, ನನಗೆ ಅಷ್ಟು ಸಾಕು. ಇವರನ್ನ ಬಾಗಿಲಿಂದ ಓಡಿಸಬೇಡಿ."

"ಕಿವಿ ಕೇಳದವರು ಗಂಟೆ ನಂಬಿ ಬಾಗಿಲು ಹಾಕೋದು ಹೇಗೆ ಮೇಡಂ?" ಅಂದರು ಕಾರ್ಯದರ್ಶಿ.

"ದೀಪ ಹಾಕ್ತೀನಿ ಸರ್" ಅಂದ ಮಗ. "ಬಾಗಿಲ ಮೇಲೆ. ಗಂಟೆ ಇರೋವರೆಗೂ ಉರಿಯುತ್ತೆ, ಗಂಟೆ ನಿಂತರೆ ಆರುತ್ತೆ. ಮೊದಲೇ ಹಾಕಬೇಕಿತ್ತು. ಇವರು ಒಂದು ಮಾತು ಹೇಳಿದ್ದರೆ ಮೊದಲೇ ಹಾಕ್ತಿದ್ದೆ."

ತೀರ್ಪು ಎರಡು ದಿನ ಬಿಟ್ಟು ಬಂತು. ಮತದಾನ ಮತ್ತೊಮ್ಮೆ. ವಿಷಯ ಮುಚ್ಚಿಟ್ಟದ್ದಕ್ಕೆ ಅಪ್ಪನಿಗೊಂದು ಛೀಮಾರಿ, ಸುಳ್ಳು ಹೇಳಿದ್ದಕ್ಕೆ ಮಗನಿಗೊಂದು ಛೀಮಾರಿ. ದೀಪ ಹಾಕಿ, ನೋಡಿ, ಸರಿ ಅನ್ನಿಸಿದರೆ ನಿವೃತ್ತಿಯ ತನಕ ಚಿಲಕಪ್ಪ ಅಲ್ಲೇ ಇರಬಹುದು. ಅತ್ತೆ ಎರಡೂ ಛೀಮಾರಿ ಕಾಗದವನ್ನು ಒಂದೇ ಡ್ರಾಯರಿಗೆ ಹಾಕಿದರು. "ಸದ್ಯ, ಸಮ ಪಾಲು ಬಂತು. ಒಬ್ಬರಿಗೇ ಬಂದಿದ್ದರೆ ಅದಕ್ಕೂ ಜಗಳ ಆಡೋರು ನೀವು" ಅಂದರು. ಆಮೇಲೆ ಗಂಡನ ಎದುರು ನಿಂತು, ಸೊಂಟದ ಮೇಲೆ ಕೈಯಿಟ್ಟು, ಬಾಯಿ ದೊಡ್ಡದಾಗಿ ಬಿಟ್ಟು ಬಿಡಿಬಿಡಿಯಾಗಿ ಅಂದರು, "ಇಷ್ಟು ವರ್ಷ ನಾನು ಬೈದದ್ದೆಲ್ಲ ದಂಡವಾಯ್ತಲ್ಲ."

"ಅದೊಂದು ಲಾಭ ಇತ್ತು ನೋಡು" ಅಂದರು ಮಾವ.

ದೀಪ ತಯಾರಾದದ್ದು ಊಟದ ಮೇಜಿನ ಮೇಲೆ. ತಂತಿ, ಸ್ಕ್ರೂ, ಬಲ್ಬು ಹರಡಿಕೊಂಡು ಊಟಕ್ಕೆ ಜಾಗವೇ ಇರಲಿಲ್ಲ. ತಟ್ಟೆಯನ್ನು ತೊಡೆಯ ಮೇಲಿಟ್ಟುಕೊಂಡು ಉಂಡರು ಎಲ್ಲರೂ. ಜಗಳ ಮತ್ತೆ ಶುರುವಾಯಿತು, ಈ ಸಲ ನೇರವಾಗಿ.

"ಕೆಂಪು ಬೇಡ ಕಣೋ. ಕೆಂಪು ಅಂದರೆ ನಿಲ್ಲು ಅಂತ ಅರ್ಥ. ಓಡಿ ಬರೋರಿಗೆ ಕೆಂಪು ತೋರಿಸ್ತಾರಾ?"

"ಹಸಿರು ಸೂರಿನ ಬಣ್ಣಕ್ಕೆ ಕಾಣಲ್ಲ ಅಪ್ಪ."

"ಹಳದಿ ಹಾಕು ಮತ್ತೆ."

"ಹಳದಿ ಬಲ್ಬು ಮಂಕು."

"ನೀನೇ ಮಂಕು."

ಪುಟ್ಟಿ ತಾತನ ಮುಂದೆ ಬಂದು ನಿಂತು ಕತ್ತೆ ಅಂದಳು. ಬೈಸಿಕೊಂಡು ಖುಷಿಯಾಗಿ ಓಡಿಹೋದಳು. ಕೊನೆಗೆ ಬಿಳಿ ದೀಪ ಅಂತ ತೀರ್ಮಾನವಾಯಿತು. ಮಗ ಅದನ್ನು ಹೊತ್ತಿಸಿ ಆರಿಸಿದ, ಅಪ್ಪ ಅಡುಗೆಮನೆಯ ಬಾಗಿಲು ಹಾಕಿ ತೆಗೆದರು, ಇದು ಎಷ್ಟು ಹೊತ್ತು ನಡೆಯಿತೆಂದರೆ ಅತ್ತೆ ಒಳಗೇ ಸಿಕ್ಕಿಕೊಂಡು ಕೂಗಾಡಬೇಕಾಯಿತು.

ಮರುಮತದಾನದ ದಿನ ಸೊಸೆಯ ಸರದಿ ಪೀಠದ ಕೆಳಗೇ ಬಂತು. ಅಲ್ಲಿಂದ ಬಾಗಿಲು ಕಾಣುತ್ತಿತ್ತು. ದೀಪ ಹೊತ್ತಿತು. ಊರುಗೋಲಿನ ಸದಸ್ಯೆ ಎಲ್ಲರಿಗಿಂತ ಮೊದಲೇ ಬಂದು ಕೂತಿದ್ದರು. ಒಬ್ಬೊಬ್ಬರಾಗಿ ಬಂದರು. ಆಮೇಲೆ ಗುಂಪಾಗಿ ಬಂದರು. ಆಮೇಲೆ ಯಾರೂ ಬರಲಿಲ್ಲ. ಮಸೂದೆ ಪರದವರು ಎಲ್ಲರೂ ಬಂದಾಗಿತ್ತು, ವಿರೋಧದ ಕಡೆ ಎರಡು ಕುರ್ಚಿ ಖಾಲಿ ಇತ್ತು. ಕಾರಿಡಾರು ಬಣಬಣ ಅನ್ನುತ್ತಿತ್ತು. ಮಾವ ಬಾಗಿಲನ್ನು ಪೂರ್ತಿ ತೆರೆದು ಹಿಡಿದು ದೀಪ ನೋಡುತ್ತಾ ನಿಂತಿದ್ದರು.

ಹಾಕಿಬಿಡಿ ಮಾವ, ಅನ್ನಿಸಿತು ಅವಳಿಗೆ. ಎಲ್ಲ ಬಂದಾಯ್ತಲ್ಲ. ಪರದವರೂ ಬಾಗಿಲನ್ನೇ ನೋಡುತ್ತಿದ್ದರು. ಒಬ್ಬ ಕೈಸನ್ನೆ ಕೂಡ ಮಾಡಿದ. ಮಾವ ಆ ಕಡೆ ನೋಡಲೂ ಇಲ್ಲ. ಯಾರೂ ಇಲ್ಲದ ಕಾರಿಡಾರಿಗೆ ಬಾಗಿಲು ತೆರೆದುಕೊಂಡು ನಿಂತೇ ಇದ್ದರು.

ಆಗ ಓಡಿ ಬರುವ ಹೆಜ್ಜೆ ಕೇಳಿಸಿತು. ಮಾವನಿಗಲ್ಲ, ಮಿಕ್ಕ ಎಲ್ಲರಿಗೂ. ವಿರೋಧದ ಒಬ್ಬ ದಪ್ಪ ಸದಸ್ಯ ಏದುಸಿರು ಬಿಡುತ್ತಾ ಬಂದು ಒಳಗೆ ನುಗ್ಗಿದ. ದೀಪ ಆರಿತು. ಮಾವ ಬಾಗಿಲು ಎಳೆದು ಚಿಲಕ ಹಾಕಿದರು. ಪರದವರ ಮುಖ ಸಪ್ಪಗಾಯಿತು. ಊರುಗೋಲಿನ ಸದಸ್ಯೆ ಮಾತ್ರ ಮಾವನ ಕಡೆ ನೋಡಿ ತಲೆ ಆಡಿಸಿದರು. ಸೊಸೆಗೆ ತಾನು ಒಂದು ಕ್ಷಣ ಬಯಸಿದ್ದಕ್ಕೆ ನಾಚಿಕೆಯಾಯಿತು, ಮಾವನನ್ನು ನೋಡಿ ಎದೆ ತುಂಬಿ ಬಂತು.

ಎಣಿಕೆ ಆಯಿತು. ಆ ದಪ್ಪ ಮನುಷ್ಯನ ಓಟನ್ನೂ ಸೇರಿಸಿಕೊಂಡು ಎಣಿಸಿದರೂ ಮಸೂದೆ ಗೆದ್ದಿತ್ತು. ಒಂದೇ ಓಟಿನಿಂದ.

ಸಂಜೆ ಅತ್ತೆ ಎಲ್ಲರಿಗೂ ಇಷ್ಟ ಅಂತ ಆಲೂಗಡ್ಡೆ ಹುರಿದಿದ್ದರು. ಮೇಜಿನ ಮೇಲೆ ತಂತಿ ಇರಲಿಲ್ಲ, ತಟ್ಟೆಗಳು ತಮ್ಮ ಜಾಗಕ್ಕೆ ಬಂದಿದ್ದವು. ಮಾವ ಎರಡು ತುತ್ತು ತಿಂದು ಕೈ ತಡೆದರು.

"ಅಲ್ವೋ, ಹೇಗಿರುತ್ತೆ ಅದು?"

"ಯಾವುದು ಅಪ್ಪ?"

"ನಿನ್ನ ಗಂಟೆ. ಊರೆಲ್ಲ ಕೇಳಿದಾರೆ, ನಾನೊಬ್ಬ ಕೇಳಿಲ್ಲ."

ಮಗ ತಟ್ಟೆ ಪಕ್ಕಕ್ಕೆ ಸರಿಸಿ ಕುರ್ಚಿ ಹತ್ತಿರ ಎಳೆದುಕೊಂಡ. ಅಪ್ಪನ ಎಡಗೈ ಹಿಡಿದು ಅಂಗೈಯನ್ನು ತನ್ನ ಗಂಟಲಿನ ಮೇಲೆ ಒತ್ತಿಕೊಂಡ. ಬಾಯಿ ಮುಚ್ಚಿ, ಹೊಸ ಗಂಟೆಯ ದನಿ ಹಿಡಿದು, ತೆಳ್ಳಗೆ ಎತ್ತರದಲ್ಲಿ ಗುನುಗಲು ಶುರುಮಾಡಿದ. ಪುಟ್ಟಿ ಕಿಸಕ್ಕೆಂದಳು. ಅತ್ತೆ ಅವಳ ತೋಳು ಹಿಡಿದು ಸುಮ್ಮನಿರಿಸಿದರು. ಮಾವ ಕಣ್ಣು ಮುಚ್ಚಿದರು. ಬಾಗಿಲ ಹತ್ತಿರ ನಿಂತ ಹಾಗೇ ಬೆನ್ನು ನೆಟ್ಟಗಾಯಿತು.

ಮಗನಿಗೆ ಉಸಿರು ಇರುವ ತನಕ ಆ ದನಿ ನಡೆಯಿತು. ಮುಖ ಕೆಂಪಾಯಿತು, ಕಣ್ಣಲ್ಲಿ ನೀರು ಬಂತು, ಬಿಡಲಿಲ್ಲ. ಆಮೇಲೆ ಉಸಿರು ಮುಗಿಯಿತು.

"ಈಗ ನಿಂತಿತು" ಅಂದರು ಮಾವ, ಆ ಕ್ಷಣಕ್ಕೇ. ಕಣ್ಣು ಬಿಟ್ಟು ಮಗನನ್ನು ನೋಡಿದರು. ಕೈ ಮಾತ್ರ ತೆಗೆಯಲಿಲ್ಲ.

"ಸೊಳ್ಳೆ ಅಲ್ಲ ಕಣೋ" ಅಂದರು.